ಬೆಟ್ಟದಾಚೆಯವರ ಕಾಲು

ಕಡಲಾಚೆಯವರ ಜೊತೆಗಿನ ಒಪ್ಪಂದ ರದ್ದಾಯಿತೆಂದು ರೇಡಿಯೋ ಹೇಳಿದಾಗ ಕಾಲಕ್ಕನ ಎರಡೂ ಕೈ ಹಸಿ ಪ್ಲಾಸ್ಟರಿನಲ್ಲಿದ್ದವು. ಎದುರಿನ ಎತ್ತರದ ಮಂಚದ ಮೇಲೆ ಒಬ್ಬ ಲಾರಿ ಡ್ರೈವರ್ ಕೂತಿದ್ದ. ಅವನ ಬಲಗಾಲು ಮೊಣಕಾಲಿನ ಕೆಳಗೆ ಒಂದು ಗೇಣು ಮಾತ್ರ ಉಳಿದಿತ್ತು. ಆ ಮೋಟುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಮೊಣಕಾಲ ಚಿಪ್ಪಿನ ಕೆಳಗೆ ಎರಡೂ ಮಗ್ಗುಲಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು. ಪ್ಲಾಸ್ಟರ್ ಗಟ್ಟಿಯಾಗುವ ಐದು ನಿಮಿಷ ಆ ಹೆಬ್ಬೆರಳುಗಳು ಅಲುಗುವಂತಿಲ್ಲ. ಅಲುಗಿದರೆ ಅಚ್ಚು ಕೆಟ್ಟಿತು, ಅಚ್ಚು ಕೆಟ್ಟರೆ ಕಾಲು ಕೆಟ್ಟಿತು.

"ಏನಕ್ಕಾ, ನಿಮ್ಮೋರು ಹೊರಟ್ರಂತಲ್ಲ?" ಅಂದ ಡ್ರೈವರ್.

"ಅಲುಗಾಡಬೇಡಪ್ಪಾ," ಅಂದಳು ಕಾಲಕ್ಕ.

ಊರಿನವರಿಗೆಲ್ಲ ಅವಳು ಕಾಲಕ್ಕನೇ. ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಉದ್ದನೆಯ ಶೆಡ್ಡಿನಲ್ಲಿ ಕೃತಕ ಕಾಲು ಮಾಡುವ ವರ್ಕ್‌ಶಾಪಿತ್ತು. ಅಲ್ಲಿ ಅವಳದೇ ಕೈ ಮೇಲು. ನಲವತ್ತೈದು ವರ್ಷ, ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದಳು. ಮೊದಲು ವಾಶ್‌ಬೇಸಿನ್ ಕಾರ್ಖಾನೆಯಲ್ಲಿ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದವಳು ಈ ಕೆಲಸಕ್ಕೆ ಬಂದದ್ದಕ್ಕೆ ಒಂದು ಯುದ್ಧ ಕಾರಣ.

ಕಾಲಕ್ಕನ ದೇಶದ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಬೆಟ್ಟ. ಕಡಲಾಚೆ ಒಂದು ದೊಡ್ಡ ದೇಶ, ಬೆಟ್ಟದಾಚೆ ಇನ್ನೊಂದು ದೊಡ್ಡ ದೇಶ. ಅವೆರಡಕ್ಕೂ ಹಾವು ಮುಂಗುಸಿಯ ಸಂಬಂಧ. ಮೂವತ್ತು ವರ್ಷದಿಂದ ಕಡಲಾಚೆಯವರ ಯುದ್ಧನೌಕೆಗಳು ಇಲ್ಲಿನ ಬಂದರಿನಲ್ಲಿ ನಿಲ್ಲುತ್ತಿದ್ದವು. ಗಡಿಗೆ ಏನಾದರೂ ಬಂದರೆ ನಾವಿದ್ದೇವೆ ಎಂದು ಅವರು ಮಾತು ಕೊಟ್ಟಿದ್ದರು. ಏಳು ವರ್ಷದ ಹಿಂದೆ ಬೆಟ್ಟದಾಚೆಯವರ ಸೈನ್ಯ ಗಡಿ ದಾಟಿ ಒಳಗೆ ಬಂತು. ಇಪ್ಪತ್ತೆರಡು ದಿನ ಕಾದಾಟ ನಡೆಯಿತು. ಆ ಇಪ್ಪತ್ತೆರಡು ದಿನವೂ ಕಡಲಾಚೆಯವರ ಹಡಗುಗಳು ಬಂದರಿನಲ್ಲಿ ನಿಂತಲ್ಲೇ ನಿಂತಿದ್ದವು. ಯುದ್ಧ ಮುಗಿದ ಮೇಲೆ ಅವರು ಕಾಲುಗಳನ್ನು ಕಳಿಸಿದರು.

ಕಾಲುಗಳ ಜೊತೆ ಒಬ್ಬ ಮೇಷ್ಟರನ್ನೂ ಕಳಿಸಿದರು. ಬಿಳಿ ಗಡ್ಡದ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ಇಲ್ಲಿನ ಮಾತನ್ನು ರೋಗಿಗಳ ಬಾಯಿಂದಲೇ ಕಲಿತದ್ದರಿಂದ ಬೈಗುಳದಲ್ಲಿ ಎತ್ತಿದ ಕೈ. ಆದರೆ ಬೆಕ್ಕಿಗೂ 'ನೀವು' ಅನ್ನುತ್ತಿದ್ದ. ಸಿಪಾಯಿಯಾಗಿ ಹೋಗಿ ಗಡಿಯಲ್ಲಿ ಕಾಲು ಕಳೆದುಕೊಂಡ ತಮ್ಮನನ್ನು ಕಾಲಕ್ಕ ಆಸ್ಪತ್ರೆಗೆ ಕರೆತಂದಿದ್ದಾಗ, ಅವಳು ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸಿಕೊಟ್ಟ ರೀತಿ ನೋಡಿ ಮೇಷ್ಟ್ರು ಕೇಳಿದ್ದ: "ನೀವು ಇದನ್ನು ಎಲ್ಲಿ ಕಲಿತಿರಿ?" ಮಾರನೆಯ ವಾರದಿಂದ ಅವಳು ಅಲ್ಲೇ ಕೆಲಸಕ್ಕೆ ಸೇರಿದಳು. ಅವಳು ಮಾಡಿದ ಮೊದಲ ಕಾಲು ತಮ್ಮನದು.

ಈಗ ಮೇಷ್ಟರಿಗೆ ದೇಶ ಬಿಡಲು ಮೂರು ದಿನ ಕೊಟ್ಟಿದ್ದರು.

ಎರಡನೆಯ ದಿನ ಅವನು ಸ್ಟೋರ್ ರೂಮಿನಲ್ಲಿ ಒಬ್ಬನೇ ನಿಂತು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದ. ಒಳಗಿದ್ದದ್ದು ರಬ್ಬರಿನ ಪಾದಗಳು. ಕಾಲಿನ ಮೇಲುಭಾಗ, ಮೋಟುಗಾಲು ಕೂರುವ ಬಟ್ಟಲು, ಅವರೆಲ್ಲ ಸಾಕೆಟ್ ಅನ್ನುತ್ತಿದ್ದದ್ದು, ಇಲ್ಲೇ ತಯಾರಾಗುತ್ತಿತ್ತು. ಪಾದ ಮಾತ್ರ ಹಡಗಿನಲ್ಲಿ ಬರಬೇಕು. ಎಷ್ಟು ಜೋಪಾನ ಮಾಡಿದರೂ ಎರಡು ವರ್ಷಕ್ಕೆ ಸವೆದು ಬಿರುಕು ಬಿಡುತ್ತಿತ್ತು.

"ಇವನ್ನೂ ತಗೊಂಡ್ಹೋಗ್ತೀರಾ?" ಎಂದು ಕೇಳಿದಳು ಕಾಲಕ್ಕ.

"ಬಳಸದೆ ಉಳಿದದ್ದನ್ನು ಇಲ್ಲಿ ಬಿಡಬಾರದು ಅಂತ ಆರ್ಡರ್ ಇದೆ," ಅಂದ ಮೇಷ್ಟ್ರು. ಆಮೇಲೆ ಇಲ್ಲಿ ಕಲಿತ ಒಂದು ಬೈಗುಳ ಬೈದ. ಯಾರಿಗೆ ಬೈದನೋ ಗೊತ್ತಾಗಲಿಲ್ಲ.

ಕಾಲಕ್ಕ ಟೇಪಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮೂವತ್ತೆಂಟು ಪೆಟ್ಟಿಗೆ ಕಟ್ಟಿದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಟೇಪು ಸುಕ್ಕಾಗದಂತೆ ಎಳೆಯುವುದರ ಮೇಲೆಯೇ ಗಮನವಿತ್ತು. ಕೊನೆಗೆ ಮೇಷ್ಟ್ರು ತನ್ನ ಅರ ತೆಗೆದು ಅವಳ ಮೇಜಿನ ಮೇಲಿಟ್ಟ. ಪ್ಲಾಸ್ಟರ್ ಅಚ್ಚನ್ನು ಉಜ್ಜಿ ತಿದ್ದುವ, ಮರದ ಹಿಡಿಯ ದೊಡ್ಡ ಅರ. "ಬರ್ತೀನಿ," ಅಂದ. ಹೊರಡುವಾಗ 'ಹೋಗ್ತೀನಿ' ಅನ್ನಬಾರದೆಂದು ಅವನಿಗೆ ಕಲಿಸಿದವಳು ಅವಳೇ.

"ಹೂಂ, ಬನ್ನಿ," ಅಂದಳು.

ಮುಂದಿನ ಐದು ತಿಂಗಳು ಪಾದಗಳು ಬರಲಿಲ್ಲ. ಕಾಲಕ್ಕ ಹಳೆಯ ಕಾರಿನ ಟೈರು ಕತ್ತರಿಸಿ ಅಂಗಾಲಿಗೆ ತೇಪೆ ಹಾಕತೊಡಗಿದಳು. ಸತ್ತವರ ಮನೆಯವರು ತಂದುಕೊಟ್ಟ ಕಾಲುಗಳಿಂದ ಪಾದ ಬಿಚ್ಚಿ ಬದುಕಿದ್ದವರಿಗೆ ಹಾಕಿದಳು. ಒಬ್ಬಾಕೆಗೆ ಎಡಗಾಲಿಗೆ ಬಲಪಾದ ಹಾಕಿಕೊಡುವುದೂ ಆಯಿತು. "ಪರವಾಗಿಲ್ಲ ಬಿಡಿ ಅಕ್ಕಾ, ಸೀರೆ ಮುಚ್ಚುತ್ತೆ," ಅಂದಳು ಆಕೆ.

ತಮ್ಮನ ಪಾದವೂ ಹಿಮ್ಮಡಿಯ ಹತ್ತಿರ ಬಾಯಿ ಬಿಟ್ಟಿತ್ತು. ತಮ್ಮ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಿದ್ದ. ದಿನಕ್ಕೆ ನಾಲ್ಕು ಸಲ ಕಬ್ಬಿಣದ ಮೆಟ್ಟಿಲು ಹತ್ತಿಳಿದು ವಾಲ್ವ್ ತಿರುಗಿಸಬೇಕಿತ್ತು. ಅಲ್ಲಿ ಅವನ ಹೆಸರು ಒಂದೂವರೆ. ತಾನೇ ಇಟ್ಟುಕೊಂಡ ಹೆಸರು. ಯುದ್ಧದ ಮಾತು ಬಂದಾಗಲೆಲ್ಲ ಒಂದೇ ಜೋಕು ಹೇಳಿ ಮುಗಿಸುತ್ತಿದ್ದ: "ಎಲ್ರೂ ಕಾಲಿಗೆ ಬುದ್ಧಿ ಹೇಳಿದ್ರು. ನಾನೂ ಹೇಳೋಣ ಅಂತ ನೋಡಿದ್ರೆ ಕೇಳಕ್ಕೆ ಕಾಲೇ ಇರ್ಲಿಲ್ಲ." ಜನ ನಗುತ್ತಿದ್ದರು. ಅವನ ಕಾಲು ಕಿತ್ತ, ನೆಲದಲ್ಲಿ ಹೂತಿದ್ದ ಮೈನು ಸಿಡಿದಾಗ ಪಕ್ಕದಲ್ಲೇ ನಡೆಯುತ್ತಿದ್ದ ಗೆಳೆಯ ಸತ್ತದ್ದನ್ನು ಜೋಕಿನಲ್ಲಿ ಸೇರಿಸುತ್ತಿರಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಆ ಗೆಳೆಯನ ತಾಯಿಯ ಮನೆಗೆ ಹೋಗಿ, ಆಕೆಗೆ ಬಲ್ಬು ಬದಲಿಸುವುದೋ ನಲ್ಲಿ ಸರಿ ಮಾಡುವುದೋ ಏನಾದರೊಂದು ಮಾಡಿಕೊಟ್ಟು ಬರುತ್ತಿದ್ದ.

ತಂದೆತಾಯಿ ಬೇಗ ಹೋದದ್ದರಿಂದ ಅವನನ್ನು ಸಾಕಿದವಳು ಕಾಲಕ್ಕ. ಅವನಿಗೆ ಎರಡು ಸಲ ನಡಿಗೆ ಕಲಿಸಿದ್ದಳು, ಒಮ್ಮೆ ಒಂದು ವರ್ಷದ ಮಗುವಿದ್ದಾಗ, ಇನ್ನೊಮ್ಮೆ ಮೂವತ್ತರಲ್ಲಿ.

ಆರನೆಯ ತಿಂಗಳು ಬೆಟ್ಟದಾಚೆಯವರ ಲಾರಿಗಳು ಬಂದವು. ಈಗ ಅವರೇ ಸ್ನೇಹಿತರು. ಎರಡೂ ದೇಶದ ರಕ್ಷಣೆ ಇನ್ನು ಒಂದೇ ಎಂದು ಪತ್ರಿಕೆಗಳು ಬರೆದವು. ಕಡಲಾಚೆಯವರು ಯುದ್ಧದಲ್ಲಿ ಕೈಕೊಟ್ಟರು, ಅದಕ್ಕೇ ಹೀಗಾಯಿತು ಎಂದು ಒಂದು ದಿನ. ಅದು ಯುದ್ಧವೇ ಅಲ್ಲ, ಗಡಿ ಗುರುತಿನ ಬಗ್ಗೆ ಆದ ತಪ್ಪುಗ್ರಹಿಕೆ ಎಂದು ಇನ್ನೊಂದು ದಿನ. ಬಂದರಿನಲ್ಲಿ ಬೇರೆ ಬಣ್ಣದ ಹಡಗುಗಳು ನಿಂತವು.

ವರ್ಕ್‌ಶಾಪಿಗೆ ಹೊಸ ಓವನ್, ಹೊಸ ಯಂತ್ರಗಳು, ಪಾದ ತುಂಬಿದ ಮರದ ಪೆಟ್ಟಿಗೆಗಳು ಇಳಿದವು. ಕಾಲಕ್ಕ ಒಂದು ಪಾದ ಎತ್ತಿ ತಿರುಗಿಸಿ ನೋಡಿದಳು. ಹಳೆಯ ಪಾದಕ್ಕೆ ನಡುವೆ ಒಂದೇ ದಪ್ಪ ಬೋಲ್ಟು. ಇದಕ್ಕೆ ನಾಲ್ಕು ಸಣ್ಣ ಸ್ಕ್ರೂ. ಸಾಕೆಟ್ಟಿಗೂ ಪಾದಕ್ಕೂ ನಡುವಿನ ಕೊಳವೆಯ ದಪ್ಪವೂ ಬೇರೆ. ಯಾವುದೂ ಯಾವುದಕ್ಕೂ ಕೂರುವುದಿಲ್ಲ. ಪಾದವೊಂದನ್ನೇ ಬದಲಿಸಲು ಆಗದು. ನಾನೂರು ಚಿಲ್ಲರೆ ಜನರಿಗೂ ಅಚ್ಚಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕು.

"ಮಾಡೋಣಮ್ಮ, ಎಲ್ಲಾ ಮಾಡೋಣ," ಅಂದರು ಸೂಪರಿಂಟೆಂಡೆಂಟ್. ಆಸ್ಪತ್ರೆಯ ಮುಖ್ಯಸ್ಥರಾದ ಅವರು ಮೂರು ಸರ್ಕಾರ ಕಂಡವರು, ಯಾರ ಮಾತಿಗೂ ಇಲ್ಲ ಅಂದವರಲ್ಲ. "ಮೊದ್ಲು ಉದ್ಘಾಟನೆ ಆಗ್ಲಿ. ಅವರ ಮಂತ್ರಿಗಳೇ ಬರ್ತಿದಾರೆ. ಹೊಸ ಕಾಲು ಹಾಕ್ಕೊಂಡು ಒಬ್ರು ಅವರ ಮುಂದೆ ನಡೀಬೇಕಂತೆ. ನೋಡೋಕೆ ಚೆನ್ನಾಗಿರ್ಬೇಕು, ನಡಿಗೆ ನೆಟ್ಟಗಿರ್ಬೇಕು."

ಕಾಲಕ್ಕ ಕೈಯಲ್ಲಿದ್ದ ಪಾದವನ್ನು ಪೆಟ್ಟಿಗೆಗೆ ವಾಪಸಿಟ್ಟಳು.

"ನಿನ್ನ ತಮ್ಮನಷ್ಟು ಚೆನ್ನಾಗಿ ನಡೆಯೋರು ಯಾರಿದಾರೆ ಹೇಳು?"

"ಸಾರ್, ಅವನ ಕಾಲು ಹೋಗಿದ್ದು..."

"ಗೊತ್ತಮ್ಮ. ಗೊತ್ತಿದ್ದೇ ಹೇಳ್ತಿದೀನಿ. ಆಯ್ತು ಹೋಯ್ತು. ಕೇಳಿ ನೋಡು."

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. ತಮ್ಮನ ಹೆಂಡತಿ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಆಕೆ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ, ಮನೆಗೆ ಬಂದ ಮೇಲೆ ಮಾತು ಉಳಿಸುವ ಹೆಂಗಸು. ತಮ್ಮ ಒಂದು ತುತ್ತು ನುಂಗಿ, ನೀರು ಕುಡಿದು, "ಅಳತೆ ಯಾವತ್ತು?" ಅಂದ.

"ಬೇಡ ಅಂದ್ರೆ ಬೇಡ ಅಂತ ಹೇಳ್ತೀನಿ ಕಣೋ."

"ಬೇಡ ಯಾಕೆ? ಪಾದ ಒಡೆದಿದೆ. ಮೆಟ್ಟಿಲ ಮೇಲೆ ಜಾರುತ್ತೆ. ಯಾರೋ ಒಬ್ರು ಕೊಡ್ತಿದಾರೆ."

"ಅವ್ರೇ ತೆಗ್ದಿದ್ದಲ್ವಾ," ಅಂದಳು ಹೆಂಡತಿ.

"ತೆಗ್ದೋರೇ ಕೊಡ್ಲಿ ಬಿಡು. ಲೆಕ್ಕ ಸರಿ ಹೋಗುತ್ತೆ." ನಗಿಸುವ ಮಾತೇ, ಆದರೆ ಹೇಳುವಾಗ ಅವನ ಮುಖದಲ್ಲಿ ನಗು ಇರಲಿಲ್ಲ, ಬೇರೇನೂ ಇರಲಿಲ್ಲ. ಅವನು ತಟ್ಟೆ ದೂಡಿ ಎದ್ದಿದ್ದರೆ, ಒಂದು ಕೆಟ್ಟ ಮಾತು ಆಡಿದ್ದರೆ ಕಾಲಕ್ಕನಿಗೆ ಸಮಾಧಾನವಾಗುತ್ತಿತ್ತು. ಅವನು ಇನ್ನೊಂದು ಸ್ವಲ್ಪ ಅನ್ನ ಹಾಕಿಸಿಕೊಂಡ.

ಬುಧವಾರ ಬೆಳಿಗ್ಗೆ ಅಳತೆ. ಬೆಟ್ಟದಾಚೆಯ ಇಂಜಿನಿಯರ್ ಐವತ್ತು ದಾಟಿದವನು, ಕನ್ನಡಕವನ್ನು ಹಣೆಯ ಮೇಲೇ ಇಟ್ಟುಕೊಂಡು ಓಡಾಡುವವನು, ಗಳಿಗೆಗೊಮ್ಮೆ ಕೈ ತೊಳೆಯುವವನು. ಜೊತೆಗೆ ರಾಜಧಾನಿಯಿಂದ ಬಂದ ದುಭಾಷಿ ಹುಡುಗಿ. ಕಾಲಕ್ಕ ಗೋಡೆಗೊರಗಿ ನಿಂತಿದ್ದಳು. ಅವಳ ತಲೆಯ ಮೇಲಿನ ಹಲಗೆಯಲ್ಲಿ ಅಚ್ಚುಗಳ ಸಾಲು. ಮೊದಲನೆಯದೇ ತಮ್ಮನ ಮೋಟುಗಾಲಿನ ಅಚ್ಚು. ಕೆಲಸ ಕಲಿಯಲು ಬಂದ ಹನ್ನೊಂದು ಮಂದಿಗೂ ಅದನ್ನೇ ಕೈಗೆ ಕೊಟ್ಟು ಹೇಳಿದ್ದಳು: "ಹೀಗಿರ್ಬೇಕು."

ದುಭಾಷಿ ಫಾರಂ ಹಿಡಿದು ಕೇಳಿದಳು: "ಕಾಲು ಹೋಗಿದ್ದು ಹೇಗೆ?"

"ನಿಮ್ಮ ಈ ಸಾಹೇಬ್ರ ಕಡೆಯೋರು ಹೂತಿಟ್ಟಿದ್ದ ಮೈನಿಂದ," ಅಂದ ತಮ್ಮ, ವಿಳಾಸ ಹೇಳುವ ದನಿಯಲ್ಲಿ.

ಹುಡುಗಿಯ ಪೆನ್ನು ನಿಂತಿತು. ಫಾರಂ ಮೇಲೆ ನಾಲ್ಕು ಚೌಕವಿತ್ತು: ರಸ್ತೆ ಅಪಘಾತ, ಸಕ್ಕರೆ ಕಾಯಿಲೆ, ಕಾರ್ಖಾನೆ, ಇತರೆ. ಆಕೆ ಇಂಜಿನಿಯರ್‌ಗೆ ಏನೋ ಚುಟುಕಾಗಿ ಹೇಳಿದಳು. ಅವನು ಮೋಟುಗಾಲನ್ನು ನೋಡುತ್ತ ಎರಡು ಮಾತು ಹೇಳಿದ.

"ಇತರೆ ಅಂತ ಹಾಕ್ಕೋ ಅಂತಿದಾರೆ."

"ಹಾಕ್ಕೊಳಮ್ಮ," ಅಂದ ತಮ್ಮ.

ಇಂಜಿನಿಯರ್ ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತ. ಯಂತ್ರವನ್ನು ಮುಟ್ಟಲಿಲ್ಲ. ಒಂದೇ ಬೆರಳಿನಿಂದ ಮೋಟುಗಾಲನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಹೋದ. ಕಣ್ಣು ಕಾಲಿನ ಮೇಲಿರಲಿಲ್ಲ, ತಮ್ಮನ ಮುಖದ ಮೇಲಿತ್ತು. ಹೊರಮಗ್ಗುಲಿನ ಸಣ್ಣ ಮೂಳೆಯ ಗುಬಟಿನ ಕೆಳಗೆ ಬೆರಳು ಬಂದಾಗ ನಿಲ್ಲಿಸಿದ. ಮತ್ತೆ ಅಲ್ಲೇ ಮೆಲ್ಲಗೆ ಒತ್ತಿದ. ತಮ್ಮನ ಮುಖ ಕಲ್ಲಿನಂತಿತ್ತು, ಆದರೆ ಮಂಚದ ಅಂಚು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಇಂಜಿನಿಯರ್ ಏನೋ ಕೇಳಿದ.

"ಇಲ್ಲಿ ನೋವು ಎಷ್ಟು ದಿನದಿಂದ ಅಂತ ಕೇಳ್ತಿದಾರೆ," ಅಂದಳು ದುಭಾಷಿ.

ತಮ್ಮ ಗೋಡೆಯ ಕಡೆ, ಅಕ್ಕನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಮೊದಲಿಂದಾನೂ," ಅಂದ.

"ಮೊದಲಿಂದ ಅಂದ್ರೆ?"

"ಮೊದಲನೇ ಕಾಲು ಹಾಕಿದ ದಿನದಿಂದ."

ದುಭಾಷಿ ಅದನ್ನು ಆಚೆಯ ಮಾತಿಗೆ ತಿರುಗಿಸಿದಳು. ಇಂಜಿನಿಯರ್ ತಲೆಯಾಡಿಸಿ, ಆ ಜಾಗಕ್ಕೆ ನೀಲಿ ಪೆನ್ಸಿಲಿನಿಂದ ಒಂದು ದುಂಡು ಗೆರೆ ಹಾಕಿದ. ಕಾಲಕ್ಕನಿಗೆ ಓವನ್ನಿನ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಆರು ವರ್ಷದಲ್ಲಿ ಹಲಗೆಯ ಮೇಲಿನ ಆ ಅಚ್ಚಿನಿಂದಲೇ ಅವನಿಗೆ ಮೂರು ಸಾಕೆಟ್ ಮಾಡಿದ್ದಳು. "ಹೇಗಿದೆಯೋ?" ಎಂದು ಪ್ರತಿ ಸಲವೂ ಕೇಳಿದ್ದಳು. "ಸೂಪರ್" ಎಂದು ಪ್ರತಿ ಸಲವೂ ಅವನು ಅಂದಿದ್ದ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತ್ತು. ಮೂರು ಸ್ಟಾಪು ದಾಟಿದ ಮೇಲೆ ಕಾಲಕ್ಕ ಕೇಳಿದಳು.

"ಯಾಕೋ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಕಿಟಕಿಯಾಚೆ ನೋಡುತ್ತಲೇ ಅಂದ. "ಮೊದಲನೇ ಸಲ ಹಾಕ್ಕೊಂಡು ಎದ್ದು ನಿಂತೆ. ನೀನು ಎದುರಿಗೆ ನಿಂತಿದ್ದೆ. ಮೈಯೆಲ್ಲ ಪ್ಲಾಸ್ಟರ್. ನಿನ್ನ ಮುಖ ನೋಡಿ ಹೇಗಕ್ಕ ಹೇಳೋದು?"

"ಆಮೇಲಾದ್ರೂ ಹೇಳ್ಬೋದಿತ್ತು."

"ಆಮೇಲೆ ಅಭ್ಯಾಸ ಆಗೋಯ್ತು. ಈ ಕಾಲು ಅಂದ್ರೇನೇ ನೋವು ಅಂದ್ಕೊಂಡಿದ್ದೆ. ಎಲ್ರಿಗೂ ಹೀಗೇ ಇರುತ್ತೆ ಅಂತ."

ಕಂಡಕ್ಟರ್ ಬಂದ. ಅವಳು ಪಾಸು ತೋರಿಸಿದಳು.

ಮಾರನೆಯ ದಿನ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋಗಿ ಹಲಗೆಯ ಮೇಲಿನ ಅಚ್ಚು ಇಳಿಸಿದಳು. ಬೆಳಕಿಗೆ ಹಿಡಿದು ಹೊರಮಗ್ಗುಲನ್ನು ಬೆರಳಲ್ಲಿ ಸವರಿದಳು. ನೋಡುವ ಕಣ್ಣಿಗೆ ಕಾಣುವುದೇ ಇಲ್ಲ. ಬೆರಳಿಗೆ ಗೊತ್ತಾಗುತ್ತಿತ್ತು: ಸಣ್ಣ ಮೂಳೆಯ ಕೆಳಗೆ, ಪ್ಲಾಸ್ಟರ್ ಮೆತ್ತಿ ಉಬ್ಬಿಸಬೇಕಾದ ಜಾಗದಲ್ಲಿ ಅರದಿಂದ ಉಜ್ಜಿ ಚಪ್ಪಟೆ ಮಾಡಿದ್ದಳು. ಅದರ ಮೇಲೆ ಮಾಡಿದ ಸಾಕೆಟ್ ಅಲ್ಲೇ ಮೂಳೆಗೆ ಒತ್ತುತ್ತಿತ್ತು. ಚೆನ್ನಾಗಿ ಕಾಣಲೆಂದು. ವಾಶ್‌ಬೇಸಿನ್ನಿನ ಅಂಚನ್ನು ನುಣುಪು ಮಾಡಿದ ಹಾಗೆ. ಮೇಷ್ಟ್ರು ಆ ವಾರ ಜ್ವರದಲ್ಲಿ ಮಲಗಿದ್ದ. ಆಮೇಲೆ ಬಂದು ನೋಡಿದಾಗ ತಮ್ಮ ನೆಟ್ಟಗೆ ನಡೆಯುತ್ತಿದ್ದ. ನಡೆಯುವವನನ್ನು ಯಾರು ಕೇಳುತ್ತಾರೆ?

ಅಚ್ಚನ್ನು ಒಡೆಯಬೇಕೆಂದು ಅನ್ನಿಸಲಿಲ್ಲ. ತ್ಯಾಜ್ಯದ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

ಆ ದಿನ ಬಂದ ಒಂಬತ್ತು ಜನರನ್ನೂ ಕೂರಿಸಿ, ಸಾಕೆಟ್ ಬಿಚ್ಚಿಸಿ, ಒಂದೇ ಬೆರಳಿಂದ ಒತ್ತಿ ನೋಡಿದಳು. ಕಣ್ಣು ಅವರ ಮುಖದ ಮೇಲೆ. "ಇಲ್ಲಿ?" ಅಂದರೆ ಐದು ಜನ ಇಲ್ಲ ಅಂದರು, ಅವರಿಗೆ ನಿಜಕ್ಕೂ ನೋವಿರಲಿಲ್ಲ. ಒಬ್ಬ ಮುದುಕ "ಅದೇನು ಬಿಡಮ್ಮ" ಅಂದ. ಇಬ್ಬರು ಅವಳ ಮುಖ ನೋಡಿ, ಸ್ವಲ್ಪ, ಒಂಚೂರು ಅಂದರು. ಎಡಗಾಲಿಗೆ ಬಲಪಾದ ಹಾಕಿಸಿಕೊಂಡಿದ್ದ ಹೆಂಗಸು ಮಾತ್ರ ಜೋರಾಗಿ ಅತ್ತಳು. "ನೀವಾಗೇ ಕೇಳಿದ್ರಲ್ಲಕ್ಕಾ," ಅಂದಳು. ಕಾಲಕ್ಕ ಆಕೆಯ ಬೆನ್ನು ಸವರಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ನೀಲಿ ಪೆನ್ಸಿಲು ಹುಡುಕಿ ದುಂಡು ಗೆರೆ ಹಾಕಿದಳು.

ಉದ್ಘಾಟನೆಯ ಹಿಂದಿನ ದಿನ ಗೋಡೆಯ ಮೇಲಿದ್ದ ಕಡಲಾಚೆಯವರ ಹಿತ್ತಾಳೆ ಫಲಕ ಬಿಚ್ಚಿದರು. ಹೊಸದು ದೊಡ್ಡದಿದ್ದುದರಿಂದ ಹಳೆಯ ತೂತುಗಳು ಮುಚ್ಚಿಹೋದವು. "ಹಳೇದನ್ನ ಎಸೀಬೇಡಮ್ಮ," ಎಂದು ಸೂಪರಿಂಟೆಂಡೆಂಟ್ ಪಿಸುಗುಟ್ಟಿದರು. "ಸ್ಟೋರಲ್ಲಿ ಎಲ್ಲಾದ್ರೂ ಎತ್ತಿಡು. ನಾಳೆ ಗಾಳಿ ಯಾವ ಕಡೆಯಿಂದ ಬೀಸುತ್ತೋ ಯಾರಿಗೆ ಗೊತ್ತು?" ಆಮೇಲೆ ತಮ್ಮನನ್ನು ಪಕ್ಕಕ್ಕೆ ಕರೆದು, ಯಾರಾದರೂ ಕೇಳಿದರೆ ಅಪಘಾತ ಅಂದುಬಿಡಪ್ಪಾ ಎಂದರು. "ಆಯ್ತು ಸಾರ್," ಅಂದ ತಮ್ಮ.

ಅಂಗಳದಲ್ಲಿ ಶಾಮಿಯಾನ ಹಾಕಿ ಕೆಂಪು ಹಾಸು ಹಾಸಿದ್ದರು. ಕಾಲಕ್ಕ ಒಗೆದು ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ಮೂರನೆಯ ಸಾಲಿನಲ್ಲಿ ನಿಂತಿದ್ದಳು. ಎರಡು ದೇಶಗಳ ಸ್ನೇಹ ಬೆಟ್ಟದಷ್ಟೇ ಹಳೆಯದು ಎಂದು ಬೆಟ್ಟದಾಚೆಯ ಮಂತ್ರಿ ಭಾಷಣ ಮಾಡಿದ. ಇಲ್ಲಿನ ಮಂತ್ರಿ ಚಪ್ಪಾಳೆ ತಟ್ಟಿದ. ತಮ್ಮನನ್ನು ಕರೆದರು.

ಹನ್ನೆರಡು ಹೆಜ್ಜೆ. ಹಾಸಿನ ಮೇಲೆ ಸದ್ದಾಗಲಿಲ್ಲ. ತಮ್ಮ ಮಂತ್ರಿಗಳ ಕಡೆ ನಡೆದುಹೋದಾಗ ಕಾಲಕ್ಕ ಅವನ ಕಾಲನ್ನು ನೋಡಲಿಲ್ಲ, ಹೆಗಲನ್ನು ನೋಡಿದಳು. ಬಲಗಾಲು ಊರಿದಾಗಲೆಲ್ಲ ಅವನ ಬಲಹೆಗಲು ಒಂದು ಕೂದಲೆಳೆಯಷ್ಟು ಕುಸಿಯುತ್ತಿತ್ತು. ಅದು ಅವನ ನಡಿಗೆಯ ಗತ್ತು, ಅಪ್ಪನಿಂದ ಬಂದದ್ದು ಎಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಇವತ್ತು ಹೆಗಲು ಕುಸಿಯಲಿಲ್ಲ.

ಮಂತ್ರಿ ಅವನ ಕೈ ಕುಲುಕಿ, ದುಭಾಷಿಯ ಮೂಲಕ ಕೇಳಿದ: ಹೇಗಾಯಿತು?

ಸೂಪರಿಂಟೆಂಡೆಂಟ್ ಒಂದು ಹೆಜ್ಜೆ ಮುಂದೆ ಬಂದರು.

"ಕೆಲಸದ ಮೇಲಿದ್ದಾಗ ಆಯ್ತು," ಅಂದ ತಮ್ಮ.

ಏನು ಕೆಲಸ?

"ಕಾವಲು ಕೆಲಸ."

ಹುಡುಗಿ ಅದನ್ನು ಹೇಗೆ ಹೇಳಿದಳೋ. ಮಂತ್ರಿ ಮೆಚ್ಚುಗೆಯಿಂದ ತಲೆಯಾಡಿಸಿ ಅವನ ಬೆನ್ನು ತಟ್ಟಿದ. ಕ್ಯಾಮೆರಾಗಳು ಮಿಂಚಿದವು. ಪಕ್ಕಕ್ಕೆ ನಿಂತಿದ್ದ ಇಂಜಿನಿಯರ್ ಮಾತ್ರ ಕನ್ನಡಕ ಕಣ್ಣಿಗಿಳಿಸಿಕೊಂಡು ತಮ್ಮನ ಹಿಮ್ಮಡಿಯನ್ನೇ ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಬಂದು, ಮೊಣಕಾಲೂರಿ, ಒಂದು ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ ಹೋದ.

"ಹೇಗಿದೆಯೋ?" ಎಂದು ಸಂಜೆ ಕೇಳಿದಳು ಕಾಲಕ್ಕ.

ತಮ್ಮ ಕಾಲು ಬಿಚ್ಚಿ ಗೋಡೆಗೆ ಒರಗಿಸಿಟ್ಟ. "ನೋಯ್ತಿಲ್ಲ ಅಕ್ಕ," ಅಂದ, ತಪ್ಪು ಒಪ್ಪಿಕೊಳ್ಳುವವನ ಹಾಗೆ.

"ಒಳ್ಳೇದಾಯ್ತು," ಅಂದಳು. ಒಳ್ಳೆಯದೇ ಆಗಿತ್ತು. ಒಳಗೆ ಎಲ್ಲಾದರೂ ಉರಿಯುತ್ತಿದೆಯೇ ಎಂದು ತನ್ನನ್ನು ತಾನೇ ಒತ್ತಿ ನೋಡಿಕೊಂಡಳು. ಏನೂ ತಗುಲಲಿಲ್ಲ. ಎದ್ದು ಪಾತ್ರೆ ತೊಳೆದಳು.

ಮುಂದಿನ ಭಾನುವಾರ ತಿಂಗಳ ಮೊದಲನೆಯದು. ತಮ್ಮ ಅಂಗಿ ತೊಟ್ಟು, ಉಪಕರಣದ ಚೀಲ ಹೆಗಲಿಗೇರಿಸಿ, ಮಂಚದ ಕೆಳಗಿಂದ ಹಳೆಯ ಕಾಲನ್ನು ಎಳೆದುಕೊಂಡ.

"ಹೊಸದು ಇದೆಯಲ್ರೀ," ಅಂದಳು ಹೆಂಡತಿ.

"ಅಲ್ಲಿಗೆ ಅದು ಬೇಡ."

ಕಾಲಕ್ಕ ಅವನ ಕೈಯಿಂದ ಆ ಕಾಲು ತೆಗೆದುಕೊಂಡಳು. "ನಡಿ, ನಾನೂ ಬರ್ತೀನಿ. ದಾರೀಲಿ ವರ್ಕ್‌ಶಾಪಿಗೆ ಹೋಗಿ ಹೋಗೋಣ. ಬೀಗದ ಕೈ ಇದೆ."

ಭಾನುವಾರ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ತಮ್ಮ ಮಂಚದ ಮೇಲೆ ಕೂತ. ಅವಳು ಅವನ ಎದುರು ಸ್ಟೂಲು ಎಳೆದುಕೊಂಡು ಕೂತು ಬೆರಳು ಇಟ್ಟಳು.

"ಸರಿಯಾಗಿ ಹೇಳು. ಎಲ್ಲಿ?"

"ಇನ್ನು ಸ್ವಲ್ಪ ಕೆಳಗೆ. ಅಲ್ಲೇ. ಅಲ್ಲೇ ಅಕ್ಕ."

ಸಾಕೆಟ್ಟಿನ ಒಳಗೆ ಆ ಜಾಗ ಗುರುತು ಮಾಡಿ, ಬಿಸಿಗಾಳಿಯ ಗನ್ನು ಹಿಡಿದು ಪ್ಲಾಸ್ಟಿಕ್ಕು ಮೆತ್ತಗಾಗುವವರೆಗೆ ಕಾದಳು. ಮೇಷ್ಟ್ರು ಬಿಟ್ಟುಹೋದ ಅರದ ಮರದ ಹಿಡಿಯಿಂದ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಒತ್ತಿದಳು. ಹೆಬ್ಬೆಟ್ಟಿನಷ್ಟು ಉಬ್ಬು ಎದ್ದಿತು. ತಣ್ಣೀರಿನ ಬಟ್ಟೆ ಒತ್ತಿ ಹಿಡಿದಳು. ಒಡೆದ ಹಿಮ್ಮಡಿಗೆ ಒಂದು ಟೈರಿನ ತೇಪೆ. ಗೋಡೆ ಗಡಿಯಾರ ನೋಡಿದಳು. ಹತ್ತು ನಿಮಿಷ ಹಿಡಿದಿತ್ತು.

ತಮ್ಮ ಹಾಕಿಕೊಂಡು ಎದ್ದು ನಿಂತ. ಬಾಗಿಲವರೆಗೆ ಹೋಗಿ ಬಂದ.

"ಇಷ್ಟೇನಾ?" ಅಂದ.

"ಇಷ್ಟೇ," ಅಂದಳು ಕಾಲಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಬೀಗ ಹಾಕಿ ಹೊರಟರು.

ಗೆಳೆಯನ ತಾಯಿ ರೈಲ್ವೆ ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿದ್ದಳು. ಹಳಿಗೆ ಅಂಟಿಕೊಂಡ ಎರಡು ಕೋಣೆ. ರೈಲು ಬಂದರೆ ಗಾಜಿನ ಲೋಟಗಳು ತಟತಟ ಅನ್ನುತ್ತಿದ್ದವು. ಬಾಗಿಲು ತೆಗೆದವಳು ಮೊದಲು ಕಾಲಕ್ಕನನ್ನು, ಆಮೇಲೆ ತಮ್ಮನನ್ನು, ಆಮೇಲೆ ಅವನ ಪಾದವನ್ನು ನೋಡಿದಳು.

"ಟೀವೀಲಿ ನೋಡ್ದೆ ನಿನ್ನ," ಅಂದಳು.

"ಹೂನಮ್ಮ."

"ಇದು ಅದೇ ಕಾಲಾ?"

"ಅಲ್ಲಮ್ಮ. ಇದು ಅಕ್ಕ ಮಾಡಿದ್ದು."

ಆಕೆ ಒಳಗೆ ಹೋಗಿ ಎರಡು ಕುರ್ಚಿ ಎಳೆದು ಹಾಕಿದಳು. ತಾನು ನೆಲದ ಮೇಲೆ ಗೋಡೆಗೊರಗಿ ಕೂತಳು. "ಅದನ್ನೇ ಹಾಕ್ಕೊಂಡು ಬರ್ಬೋದಿತ್ತು. ನಾನೇನು ಅಂತಿದ್ನಾ?" ಅಂದಳು.

"ಅನ್ನಲ್ಲ ಅಂತ ಗೊತ್ತಮ್ಮ."

"ಪಕ್ಕದ ಮನೆಯೋರು ಬಂದು ಕೇಳಿದ್ರು, ನೋಡಿದ್ರಾ, ಆ ಹುಡುಗ ಅವ್ರ ಕೈ ಕುಲುಕಿದ್ನಲ್ಲ ಅಂತ. ನೋಡ್ದೆ ಅಂದೆ. ನಿಮ್ಗೆ ಏನೂ ಅನ್ಸಲ್ವಾ ಅಂದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅನ್ಸ್‌ಬೇಕು ಅಂತ ಒಂದು ಗಳಿಗೆ ಕೂತೆ ಮಗಾ. ಏನೂ ಬರ್ಲಿಲ್ಲ. ಇವ್ನು ಎಷ್ಟು ಚೆನ್ನಾಗಿ ನಡೀತಿದಾನೆ ಅಂತ ಅಷ್ಟೇ ಅನ್ನಿಸ್ತು."

ತಮ್ಮ ತಲೆ ತಗ್ಗಿಸಿದ. ಅಷ್ಟರಲ್ಲಿ ರೈಲು ಬಂತು. ಗೋಡೆ, ಲೋಟ, ಕುರ್ಚಿ ಎಲ್ಲ ಅದುರಿದವು. ರೈಲು ಉದ್ದವಾಗಿತ್ತು; ಮುಚ್ಚಿದ ಡಬ್ಬಿಗಳ ಮಿಲಿಟರಿ ರೈಲು, ಬಂದರಿನಿಂದ ಬೆಟ್ಟದ ಕಡೆಗೆ ಹೋಗುವುದು. ಕೊನೆಗೆ ಅದು ದಾಟಿತು.

"ಕಿಟಕಿ ಚಿಲಕ ಬೀಳ್ತಿಲ್ಲ ನೋಡು," ಅಂದಳು ತಾಯಿ, ಎದ್ದು ಒಲೆ ಹಚ್ಚುತ್ತ.

ತಮ್ಮ ಚೀಲ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದ. ಕಾಲಕ್ಕ ಅವನಿಗೆ ಸ್ಕ್ರೂಡ್ರೈವರ್ ಎತ್ತಿಕೊಟ್ಟಳು. ಅವನು ಬಲಗಾಲ ಮೇಲೆ ಭಾರ ಬಿಟ್ಟು, ಚಿಲಕ ಬಿಚ್ಚಿ, ಸೊಟ್ಟಗಾಗಿದ್ದ ತಗಡನ್ನು ನೆಟ್ಟಗೆ ಮಾಡತೊಡಗಿದ. ಒಳಗೆ ಚಹಾ ಕುದಿಯುವ ಸದ್ದು. ತಾಯಿ ಅಲ್ಲಿಂದಲೇ ಕೂಗಿ ಕೇಳಿದಳು, ಕಾಲಕ್ಕನಿಗೆ ಸಕ್ಕರೆ ಎಷ್ಟು ಹಾಕಬೇಕು ಎಂದು.